ಇಯರ್‌ಫೋನ್ ಡಯಾಫ್ರಮ್‌ನ ‘ಕೋಟಿಂಗ್’: ಲೇಪವೋ, ಪದರವೋ, ಕುಡಿಸುವುದೋ?

ಪ್ರಶ್ನೆ

ಇಯರ್‌ಫೋನಿನ ಡಯಾಫ್ರಮ್‌ಗೆ (ಅಲುಗಿ ಸದ್ದು ಹುಟ್ಟಿಸುವ ತೆಳು ಹಾಳೆಗೆ) ಮಾಡುವ ಕೋಟಿಂಗ್ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕೋಟಿಂಗ್’ ಬಂದಲ್ಲೆಲ್ಲ ‘ರಾಸಾಯನಿಕ ಲೇಪನ’ ಎಂದು ಹಾಕಿದ್ದೆ. ಈಗ ಓದಿ ನೋಡಿದರೆ ಒಂದೇ ಪದ ಮೂರು ಬೇರೆ ಕೆಲಸಗಳ ಮೇಲೆ ಕೂತಿದೆ. ಪಾಲಿಯೆಸ್ಟರ್ ಹಾಳೆಗೆ ಟೈಟಾನಿಯಂ ಹಿಡಿಸುವುದು ಒಂದು. ಅದೇ ಹಾಳೆಗೆ ಮೆತ್ತನೆಯ ಅಕ್ರಿಲಿಕ್ ದ್ರಾವಣ ಸವರುವುದು ಇನ್ನೊಂದು. ಕಾಗದದ ಡಯಾಫ್ರಮ್‌ಗೆ ರಾಳ ಹೀರಿಸುವುದು ಮೂರನೆಯದು. ಇದಕ್ಕೆ ಮೂಲದಲ್ಲಿ ‘ಡೋಪಿಂಗ್’ ಎಂದಿದೆ. ಮೂರಕ್ಕೂ ‘ಲೇಪನ’ ಸಾಕೇ? ಡಯಾಫ್ರಮ್‌ಗೆ ‘ವಪೆ’, ‘ಪೊರೆ’ ಇವುಗಳಲ್ಲಿ ಯಾವುದು ಒಪ್ಪುತ್ತದೆ? ‘ಸ್ಟಿಫ್‌ನೆಸ್’ಗೆ ‘ಗಡಸುತನ’, ‘ಡ್ಯಾಂಪಿಂಗ್’ಗೆ ‘ಅವಮಂದನ’ ಎಂದು ಬರೆದಿದ್ದೇನೆ. ಬಲ್ಲವರು ತಿದ್ದಬೇಕು.

ಉತ್ತರ

ಮೂರಕ್ಕೂ ‘ಲೇಪನ’ ಸಾಲದು. ಯಾಕೆಂದು ಲೆಕ್ಕ ಹಾಕಿಯೇ ತೋರಿಸಬಹುದು.

10 ಮಿಲಿಮೀಟರ್ ಅಡ್ಡಳತೆಯ, 6 ಮೈಕ್ರಾನ್ ದಪ್ಪದ ಪೆಟ್ (ನೀವು ಹೇಳಿದ ಪಾಲಿಯೆಸ್ಟರ್) ಹಾಳೆಯನ್ನು ತೆಗೆದುಕೊಳ್ಳಿ. ಅದರ ತೂಕ ಸುಮಾರು 0.65 ಮಿಲಿಗ್ರಾಂ. ಅದರ ಒಂದು ಮೈಗೆ ಬರೀ 0.1 ಮೈಕ್ರಾನ್ ಟೈಟಾನಿಯಂ ಕೂರಿಸಿದರೆ ಕೂಡುವ ತೂಕ 0.035 ಮಿಲಿಗ್ರಾಂ, ಅಂದರೆ ನೂರಕ್ಕೆ ಐದರಷ್ಟು. ಆದರೆ ಪೆಟ್‌ನ ಯಂಗ್ ಗುಣಾಂಕ (ಎಳೆದರೆ ಹಿಗ್ಗದಂತೆ ಒಡ್ಡುವ ತಡೆಯ ಅಳತೆ) 4ರಿಂದ 5 ಗಿಗಾಪಾಸ್ಕಲ್, ಟೈಟಾನಿಯಂನದು 110ರ ಆಸುಪಾಸು. ಆ ಪದರ ಹಾಳೆಯ ಹೊರಮೈಯಲ್ಲಿ, ಬಾಗುವಾಗ ಹೆಚ್ಚು ಎಳೆತ ಬೀಳುವ ಜಾಗದಲ್ಲಿ ಕೂತಿರುವುದರಿಂದ ಹಾಳೆ ಬಾಗಲು ಒಡ್ಡುವ ತಡೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇನ್ನು ಅದೇ ಹಾಳೆಗೆ ಒಣಗಿದ ಮೇಲೆ 10 ಮೈಕ್ರಾನ್ ಉಳಿಯುವಂತೆ ಮೆತ್ತನೆಯ ಅಕ್ರಿಲಿಕ್ ಸವರಿ: 0.85 ಮಿಲಿಗ್ರಾಂ ಕೂಡುತ್ತದೆ, ಅಂದರೆ ಹಾಳೆಗಿಂತ ಅದರ ಮೇಲಿನ ಲೇಪವೇ ಭಾರ! ಬಾಗುವ ತಡೆ ಅಷ್ಟಾಗಿ ಏರುವುದಿಲ್ಲ, ಕಂಪನ ಮಾತ್ರ ಬೇಗ ಅಡಗುತ್ತದೆ. ಮೊದಲನೆಯದು ಡಯಾಫ್ರಮನ್ನು ಸೆಟೆಸುವ ಕೆಲಸ, ಎರಡನೆಯದು ಅದರ ಅನುರಣನವನ್ನು ತಗ್ಗಿಸುವ ಕೆಲಸ. ಎರಡನ್ನೂ ಒಂದೇ ಪದದಿಂದ ಕರೆದರೆ ಓದುಗರು ‘ಬಳಿದರೆ ಧ್ವನಿ ಸುಧಾರಿಸುತ್ತದೆ’ ಎಂದಷ್ಟೇ ತಿಳಿದುಕೊಳ್ಳುತ್ತಾರೆ.

‘ರಾಸಾಯನಿಕ’ ಎಂಬ ವಿಶೇಷಣವನ್ನಂತೂ ಕೈಬಿಡಿ. ಟೈಟಾನಿಯಂ ಪದರಕ್ಕೆ ಸಾಮಾನ್ಯವಾಗಿ ಬಳಸುವ ಸ್ಪಟರಿಂಗ್‌ನಲ್ಲಿ ರಾಸಾಯನಿಕ ಕ್ರಿಯೆಯೇ ಇಲ್ಲ. ಗಾಳಿ ತೆಗೆದ ಕೋಣೆಯೊಳಗೆ ಸ್ವಲ್ಪ ಆರ್ಗಾನ್ ಬಿಟ್ಟು, ಅದರ ಅಯಾನುಗಳು ಲೋಹದ ತಟ್ಟೆಗೆ ಬಡಿಯುವಂತೆ ಮಾಡುತ್ತಾರೆ. ಚಿಮ್ಮಿದ ಪರಮಾಣುಗಳು ಹಾಳೆಯ ಮೇಲೆ ಬಂದು ಕೂರುತ್ತವೆ. ವಜ್ರದಂಥ ಇಂಗಾಲದ ಪದರವನ್ನು ಮೀಥೇನ್, ಅಸಿಟಿಲೀನ್‌ನಂಥ ಅನಿಲವನ್ನು ಪ್ಲಾಸ್ಮಾದಲ್ಲಿ ಒಡೆದು ಪಡೆಯುವುದುಂಟು. ಅಲ್ಲಿ ‘ರಾಸಾಯನಿಕ’ ಸರಿ. ಎರಡಕ್ಕೂ ನನ್ನ ಸಲಹೆ ‘ಆವಿಪದರ’, ಕ್ರಿಯಾಪದ ‘ಕೂರಿಸು’. ‘ಕಲಾಯಿ’ ಬೇಡ. ಅದರಲ್ಲಿ ಪಾತ್ರೆ ಕಾಯಿಸಿ ತವರ ಕರಗಿಸುವ ಅರ್ಥ ಗಟ್ಟಿಯಾಗಿದೆ, ಇಲ್ಲಿ ಬಿಸಿಯೇ ಶತ್ರು: ಪೆಟ್ 70–80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗಿ ಒತ್ತಿದ ಆಕಾರ ಕಳೆದುಕೊಳ್ಳುತ್ತದೆ. ಹೆಚ್ಚು ಬಿಸಿ ತಾಳಬೇಕಾದಾಗ ಪೀಕ್‌ನಂಥ ಪಾಲಿಮರ್‌ಗೆ ಹೋಗುವುದು ಇದಕ್ಕೇ. ‘ಗಿಲೀಟು’ ಕೂಡ ಬೇಡ, ಅದು ಹೊರಮೆರುಗಿನ ಮಾತು.

‘ಡೋಪಿಂಗ್’ಗೆ ಅರೆವಾಹಕದ ನಂಟಿಲ್ಲ. ಬಟ್ಟೆ ಹೊದಿಸಿದ ಹಳೆಯ ವಿಮಾನಗಳ ರೆಕ್ಕೆಗೆ ಬಳಿಯುತ್ತಿದ್ದ ಸೆಲ್ಯುಲೋಸ್ ಅರಗನ್ನು ‘ಡೋಪ್’ ಎನ್ನುತ್ತಿದ್ದರು. ಸ್ಪೀಕರಿನವರ ಬಳಕೆಯೂ ಅದೇ ಬಗೆಯದು. ರಾಳ ನಾರಿನೊಳಗೆ ಇಳಿಯುವುದರಿಂದ ಇಲ್ಲಿ ‘ಲೇಪ’ಕ್ಕಿಂತ ‘ಕುಡಿಸು’ ಚೆನ್ನ. ಮರಕ್ಕೆ ಎಣ್ಣೆ ಕುಡಿಸುತ್ತೇವಲ್ಲ, ಹಾಗೆ ‘ರಾಳ ಕುಡಿಸಿದ ಕಾಗದ’. ಒದ್ದೆಯಾಗಿ ಹಚ್ಚಿ, ಮೇಲೆಯೇ ಒಣಗಿ ನಿಲ್ಲುವುದಕ್ಕೆ ಮಾತ್ರ ‘ಲೇಪ’ ಉಳಿಸಿ.

‘ವಪೆ’ ಎಂದೊಡನೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ಕಣ್ಣಿಗೆ ಬರುತ್ತದೆ. ‘ಪೊರೆ’ ತೆಳುವಿಗೆ ಒಪ್ಪುತ್ತದೆ ನಿಜ, ಆದರೆ ಕನ್ನಡದಲ್ಲಿ ಪೊರೆ ಎಂಬುದು ಇನ್ನೊಂದರ ಮೇಲೆ ಕಟ್ಟುವ, ಕಳಚುವ ವಸ್ತು: ಹಾವಿನ ಪೊರೆ, ಕಣ್ಣಿನ ಪೊರೆ. ಹಾಗಾಗಿ ‘ಪೊರೆಯ ಪದರ’ ಎಂದರೆ ಯಾವುದು ಹಾಳೆ, ಯಾವುದು ಅದರ ಮೇಲಿನದು ಎಂಬುದೇ ಕಲಸಿಹೋಗುತ್ತದೆ. ‘ಕಂಪನಪಟಲ’ ಎಂದು ಒಮ್ಮೆ ಬರೆದು ಮುಂದೆ ‘ಪಟಲ’ ಎಂದರೆ ಸಾಕು. ಎದುರಿಗೆ ಕರ್ಣಪಟಲ ಇದ್ದೇ ಇದೆ, ಒಂದು ಅಲುಗಿದಂತೆ ಇನ್ನೊಂದು ಅಲುಗುತ್ತದೆ.

‘ಗಡಸುತನ’ ಗೀರಿಗೆ ಬಗ್ಗದ ಗುಣ. ಬಾಗದ ಗುಣಕ್ಕೆ ‘ಪೆಡಸು’ ಇದೆ. ‘ಬಿಗಿತ’ವನ್ನು ಇದಕ್ಕೆ ಬಳಸಿ ಹಾಳುಮಾಡಬೇಡಿ, ಎಳೆದು ಕಟ್ಟಿದ ಪಟಲವಿರುವ ಪ್ಲೇನಾರ್ ಮತ್ತು ಎಲೆಕ್ಟ್ರೋಸ್ಟಾಟಿಕ್ ಇಯರ್‌ಫೋನುಗಳ ಮಾತು ಬಂದಾಗ ಅದು ಬೇಕಾಗುತ್ತದೆ. ‘ಅವಮಂದನ’ ತಪ್ಪಲ್ಲ, ಆದರೆ ಅದರಿಂದ ಕ್ರಿಯಾಪದ ಮಾಡಿದರೆ ನಾಲಿಗೆ ತೊಡರುತ್ತದೆ. ಬಾರಿಸಿದ ಗಂಟೆಯ ಮೇಲೆ ಕೈಯಿಟ್ಟರೆ ಆಗುವುದೇ ಡ್ಯಾಂಪಿಂಗ್. ‘ಕಂಪನ ಅಡಗಿಸು’ ಎನ್ನಿ.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ‘ಲೇಪ’ ಹಚ್ಚುವ ಭಾಗದ ಅನುವಾದಕ್ಕೆ ಇಷ್ಟು ಸೇರಿಸಬಹುದು.

ಕನ್ನಡದ ಕ್ರಿಯಾಪದಗಳು ಪ್ರಮಾಣವನ್ನೂ ಹೇಳುತ್ತವೆ. ತೆಳ್ಳಗಾದರೆ ‘ಸವರು’, ದಪ್ಪಗಾದರೆ ‘ಬಳಿ’, ಮುದ್ದೆಯಾದರೆ ‘ಮೆತ್ತು’. ಇಯರ್‌ಫೋನಿನ ಪಟಲಕ್ಕೆ ‘ಸವರು’ ಒಂದೇ ಸರಿ, ಯಾಕೆಂದರೆ ಬಳಿದರೆ ಕೆಟ್ಟಿತೆಂದೇ ಲೆಕ್ಕ. ಪಟಲಕ್ಕೆ ಅಂಟಿಸಿದ ತಂತಿಯ ಸುರುಳಿಯೂ ಸೇರಿ ಅಲುಗುವ ಒಟ್ಟು ತೂಕ ನೂರಕ್ಕೆ 20 ಏರಿದರೆ ಮೂಲ ಅನುರಣನ (ಪಟಲ ತಾನಾಗಿ ಹೆಚ್ಚು ಅಲುಗುವ ಆವರ್ತನ) ನೂರಕ್ಕೆ 9ರಷ್ಟು ಕೆಳಗಿಳಿಯುತ್ತದೆ, ಆ ಆವರ್ತನಕ್ಕಿಂತ ಮೇಲಿನ ಧ್ವನಿ 1.6 ಡೆಸಿಬೆಲ್ ಕುಗ್ಗುತ್ತದೆ. ಎಡಕಿವಿಯ ಮತ್ತು ಬಲಕಿವಿಯ ಪಟಲಗಳ ಲೇಪ ಒಂದೇ ಸಮ ಇರದಿದ್ದರೆ ಆ ವ್ಯತ್ಯಾಸವೇ ಕಿವಿಗೆ ಬೀಳುತ್ತದೆ. ಆದ್ದರಿಂದ ಹಚ್ಚುವ ಮುಂಚೆ ಮತ್ತು ಒಣಗಿದ ಮೇಲೆ 0.1 ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಎರಡನ್ನೂ ತೂಗಬೇಕು, ಇಂಪೀಡೆನ್ಸ್ ರೇಖೆಯನ್ನೂ (ಯಾವ ಆವರ್ತನದಲ್ಲಿ ಸುರುಳಿಯ ವಿದ್ಯುತ್ ತಡೆ ಎಷ್ಟೆಂದು ತೋರಿಸುವ ಗೆರೆ) ಎರಡು ಸಲ ತೆಗೆಯಬೇಕು.

ಮೂಲದಲ್ಲಿ ‘ಡೋಮ್’, ‘ಸರೌಂಡ್’ ಎಂದು ಬೇರೆ ಮಾಡಿರುತ್ತಾರೆ. ಇದನ್ನು ಕನ್ನಡದಲ್ಲಿ ಬಿಡಲೇಬಾರದು: ನಡುವಿನದು ‘ಗುಮ್ಮಟ’, ಸುತ್ತ ಬಳುಕುವುದು ‘ಅಂಚುಪಟ್ಟಿ’. ಲೇಪ ಗುಮ್ಮಟಕ್ಕೆ ಮಾತ್ರ. ಅಂಚುಪಟ್ಟಿಗೆ ಒಂದು ಹನಿ ಹರಿದು ಗಟ್ಟಿಯಾದರೂ ಅದರ ಬಳುಕು ಕಡಿಮೆಯಾಗಿ ಅನುರಣನ ಮೇಲೇರುತ್ತದೆ, ಮಂದ್ರ ಸೊರಗುತ್ತದೆ. ಒಂದೇ ಬದಿಗೆ ಹರಿದಿದ್ದರೆ ಪಟಲ ಓಲಾಡಿ ಸುರುಳಿ ಅಯಸ್ಕಾಂತದ ಸಂದಿಗೆ ಉಜ್ಜುತ್ತದೆ, ಕರಕರ ಸದ್ದು ಅದರದ್ದೇ. ದ್ರಾವಕವನ್ನೂ ಹೆಸರಿಟ್ಟು ಹೇಳಬೇಕು. ಅಸಿಟೋನ್, ಈಥೈಲ್ ಅಸಿಟೇಟ್ ಇರುವ ಅರಗು ಸುರುಳಿಯ ಅಂಟನ್ನು ಸಡಿಲಿಸಬಲ್ಲದು; ಉಗುರು ಬಣ್ಣ ಹಚ್ಚಿ ಎಂಬ ಸಲಹೆ ಕೆಟ್ಟದ್ದಾಗುವುದು ಇಲ್ಲಿಯೇ. ನೀರು ಬೆರೆಸಿದ ಅಕ್ರಿಲಿಕ್ ಮೇಲು, ಆದರೆ ಪೆಟ್ ಮೇಲೆ ಅದು ಹರಡದೆ ಮಣಿಗಟ್ಟುತ್ತದೆ. ಕಾರ್ಖಾನೆಯಲ್ಲಿ ಪ್ಲಾಸ್ಮಾ ಅಥವಾ ಕರೋನಾ ಎಂಬ ವಿದ್ಯುತ್ ವಿಸರ್ಜನೆ ಹಾಯಿಸಿ ಮೈ ಹದಗೊಳಿಸುವುದು ಇದಕ್ಕಾಗಿ.

ಆವಿಪದರಕ್ಕೆ ಬೇರೆಯದೇ ರೋಗ. ಇಂಗಾಲದ ಪದರದಲ್ಲಿ ಒಳಒತ್ತಡ ಹೆಚ್ಚು. ದಪ್ಪ ಮಾಡಹೋದರೆ ಬಿರಿದು ಹಕ್ಕಳೆಯಾಗಿ ಏಳುತ್ತದೆ. ಬೆರಿಲಿಯಂ ಪದರವನ್ನು ಕೆರೆದು ನೋಡುವುದಂತೂ ಕೂಡದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಇಲ್ಲಿ ಪದದ ನಿಖರತೆಯೂ ಬೇಕು: ‘ಬೆರಿಲಿಯಂ ಪಟಲ’ ಎಂದರೆ ಇಡೀ ಹಾಳೆಯೇ ಬೆರಿಲಿಯಂ, ‘ಬೆರಿಲಿಯಂ ಪದರದ ಪಟಲ’ ಎಂದರೆ ಪಾಲಿಮರ್ ಹಾಳೆ. ಎರಡರ ನಡವಳಿಕೆ ಬೇರೆ, ಬೆಲೆಯೂ ಬೇರೆ.

‘ಲೇಪ’ದ ಬದಲು ಮೃದಂಗದ ಚರ್ಮದ ನಡುವೆ ಹಚ್ಚುವ ಕಪ್ಪು ‘ಕರಣೆ’ಯನ್ನು ತರಬಹುದೇ ಎಂದು ಯಾರಾದರೂ ಕೇಳಿಯಾರು. ಅಂದದ ಪದ, ಆದರೆ ಕೆಲಸ ತಿರುಗುಮುರುಗು. ಕರಣೆ ನಡುವೆ ತೂಕ ಕೂಡಿಸಿ ಮೇಲ್ಸ್ವರಗಳನ್ನು ಸುಸಂಗತ ಸಾಲಿಗೆ ತರುತ್ತದೆ, ಸಿ.ವಿ. ರಾಮನ್ 1920ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಇಯರ್‌ಫೋನಿಗೆ ತನ್ನದೆಂಬ ಸ್ವರವೇ ಇರಬಾರದು.

ಮತ್ತೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಆವಿಪದರ, ಲೇಪ, ಕುಡಿಸು ಎಂದು ತಿದ್ದುತ್ತಿದ್ದೇನೆ. ಒಂದು ಪದ ಉಳಿಯಿತು: ‘ಬ್ರೇಕಪ್’. ‘ಪಟಲ ಒಡೆಯುವುದು’ ಎಂದಿದ್ದೆ.

ಮೊದಲ ಉತ್ತರದವರಿಂದ

ಒಡೆಯುವುದು ಬೇಡ, ಹರಿದುಹೋಯಿತೆಂದು ತಿಳಿಯುತ್ತಾರೆ. ಕೆಳಗಿನ ಆವರ್ತನಗಳಲ್ಲಿ ಇಡೀ ಪಟಲ ಒಟ್ಟಾಗಿ ಹಿಂದೆ ಮುಂದೆ ಹೋಗುತ್ತದೆ. ಮೇಲೇರಿದಂತೆ ಒಂದು ಭಾಗ ಮುಂದೆ, ಪಕ್ಕದ್ದು ಹಿಂದೆ ಎಂದು ಚದುರುತ್ತದೆ. ‘ಹೋಳುಕಂಪನ’ ಎಂದರೆ ಚಿತ್ರ ಸರಿಯಾಗಿ ಬರುತ್ತದೆ. ಆವಿಪದರ ಅದನ್ನು ಇನ್ನೂ ಮೇಲಿನ ಆವರ್ತನಕ್ಕೆ ತಳ್ಳುತ್ತದೆ, ಲೇಪ ಅದು ಇದ್ದಲ್ಲೇ ಅದರ ಮೊನೆ (ಧ್ವನಿಯ ರೇಖೆ ಚೂಪಾಗಿ ಏರುವ ಜಾಗ) ಮುರಿಯುತ್ತದೆ. ಬರಹದಲ್ಲಿ ಒಂದು ಎಚ್ಚರಿಕೆಯೂ ಇರಲಿ: 6ರಿಂದ 9 ಕಿಲೋಹರ್ಟ್ಸ್ ನಡುವೆ ಕಾಣುವ ಮೊನೆ ಹಲವು ಸಲ ಪಟಲದ್ದಲ್ಲ, ಮುಚ್ಚಿದ ಕಿವಿನಾಳದ್ದು. ಇಯರ್‌ಫೋನನ್ನು ಸ್ವಲ್ಪ ಹೊರಕ್ಕೆಳೆದಾಗ ಮೊನೆ ಕೆಳಗೆ ಸರಿದರೆ ಅದು ನಾಳದ್ದೇ, ಅದಕ್ಕೆ ಯಾವ ಲೇಪವೂ ಮದ್ದಲ್ಲ.