'ಸೀಕ್ರೆಟ್ ಇನ್ವೇಷನ್' ನೋಡಬಹುದಾ? ನೋಡಿದವರು ಹೇಳಿ

ಪ್ರಶ್ನೆ:
ಅಪ್ಪ ಊರಿಂದ ಬಂದಿದ್ದಾರೆ. ಅಣ್ಣಾವ್ರ ಸಿಐಡಿ 999 ನೋಡಿ ಬೆಳೆದವರು, ಗೂಢಚಾರಿ ಕಥೆ ಅಂದರೆ ಊಟ ಮರೆತು ಕೂರುತ್ತಾರೆ. ನಾನು ಮಾರ್ವೆಲ್ ಸೂಪರ್‌ಹೀರೋ ಸಿನಿಮಾಗಳನ್ನು ಅಲ್ಲೊಂದು ಇಲ್ಲೊಂದು ನೋಡಿದ್ದೇನೆ, ಅಷ್ಟೆ. ಡಿಸ್ನಿಯವರ 'ಸೀಕ್ರೆಟ್ ಇನ್ವೇಷನ್' ಇಬ್ಬರೂ ಕೂತು ನೋಡುವ ಹಾಗಿದೆಯಾ? ಚೆನ್ನಾಗಿಲ್ಲ ಅಂತ ಸುಮಾರು ಜನ ಹೇಳ್ತಾರೆ, ಯಾಕೆ ಅಂತ ಯಾರೂ ಹೇಳಲ್ಲ. ಕಥೆ ಗೊತ್ತಾದರೂ ಪರವಾಗಿಲ್ಲ, ಬಿಡಿಸಿ ಹೇಳಿ.

ಉತ್ತರ 1:
ನೋಡಿ. ಆದರೆ ಇಬ್ಬರು ಎದುರುಬದುರು ಕೂತು ಮಾತಾಡುವ ಸೀನ್‌ಗಳಿಗಾಗಿ ನೋಡಿ, ಹೊಡೆದಾಟಕ್ಕಲ್ಲ.

2023ರ ಜೂನ್-ಜುಲೈನಲ್ಲಿ ಬಂದ ಸರಣಿ, ಒಟ್ಟು ಆರೇ ಕಂತು. ಸ್ಕ್ರಲ್ ಅಂತ ಬೇರೆ ಗ್ರಹದ ಜನ. ಯಾರ ರೂಪವನ್ನು ಬೇಕಾದರೂ ತಾಳಬಲ್ಲರು. ಅವರ ಗ್ರಹ ಹಾಳಾಗಿದೆ. ನಿಮಗೆ ಒಂದು ಮನೆ ಹುಡುಕಿಕೊಡುತ್ತೇನೆ ಅಂತ ಒಕ್ಕಣ್ಣಿನ ಗೂಢಚಾರಿ ನಿಕ್ ಫ್ಯೂರಿ ಮಾತು ಕೊಟ್ಟು ಮೂವತ್ತು ವರ್ಷ ಹತ್ತಿರ ಆಯ್ತು. ಹುಡುಕಿಕೊಟ್ಟಿಲ್ಲ. ಅಷ್ಟೇ ಅಲ್ಲ, ಇಷ್ಟು ವರ್ಷ ಅವರನ್ನೇ ಬೇಹುಗಾರರನ್ನಾಗಿ ದುಡಿಸಿಕೊಂಡಿದ್ದಾನೆ. ಕಾದು ಕಾದು ಸಾಕಾದ ಗ್ರಾವಿಕ್ ಎಂಬ ಸ್ಕ್ರಲ್ ಹುಡುಗ ಅಮೆರಿಕ-ರಷ್ಯಾ ನಡುವೆ ಯುದ್ಧ ಹಚ್ಚಿ ಭೂಮಿಯನ್ನೇ ಕಿತ್ತುಕೊಳ್ಳಲು ಹೊರಡುತ್ತಾನೆ. ಅವನ ಸಿಟ್ಟಿನಲ್ಲಿ ನ್ಯಾಯ ಇದೆ, ಅಲ್ವಾ? ಖಳನಾಯಕನಿಗೆ ಇಷ್ಟು ಗಟ್ಟಿ ಕಾರಣ ಸಿಗುವುದು ಅಪರೂಪ.

ಎರಡನೇ ಕಂತಿನ ರೈಲಿನ ಸೀನ್ ಗಮನಿಸಿ. ಫ್ಯೂರಿ ಮತ್ತು ಅವನ ಹಳೇ ಸ್ಕ್ರಲ್ ಗೆಳೆಯ ಟ್ಯಾಲೋಸ್ ಎದುರುಬದುರು. ನಿಮ್ಮವರು ಭೂಮಿ ಮೇಲೆ ಎಷ್ಟು ಜನ ಇದ್ದೀರಿ ಅನ್ನೋ ಪ್ರಶ್ನೆ ಬರುತ್ತದೆ. ಹತ್ತು ಲಕ್ಷ! ಬಂದೂಕಿಲ್ಲ, ಓಟ ಇಲ್ಲ. ಫ್ಯೂರಿ ಆಗಿರುವ ಸ್ಯಾಮ್ಯುಯೆಲ್ ಜಾಕ್ಸನ್ ಮುಖ ನೋಡಿದರೆ ಸಾಕು. ನಾಲ್ಕನೇ ಕಂತಿನಲ್ಲಿ ಫ್ಯೂರಿ ಮತ್ತು ಹೆಂಡತಿ ಊಟದ ಮೇಜಿನ ಮುಂದೆ ಕೂತು ಮಾತಾಡುವುದೂ ಹಾಗೇ. ಇಬ್ಬರ ಕೈಯಲ್ಲೂ ಪಿಸ್ತೂಲು. ಇಬ್ಬರೂ ಹಾರಿಸುತ್ತಾರೆ, ಇಬ್ಬರೂ ಬೇಕಂತಲೇ ಗುರಿ ತಪ್ಪಿಸುತ್ತಾರೆ. ಸಂಸಾರ ಅಂದರೆ ಇದೇ ಅಂದಳು ನಮ್ಮನೆಯವಳು.

ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ6ನ ಸೋನ್ಯಾ ಪಾತ್ರ ಮಾಡಿರುವ ಒಲಿವಿಯಾ ಕೋಲ್ಮನ್ ನಿಮ್ಮ ತಂದೆಯವರಿಗೆ ಖಂಡಿತ ಇಷ್ಟ ಆಗ್ತಾರೆ. ನಗುನಗುತ್ತಾ ಪಕ್ಕದ ಮನೆ ಆಂಟಿ ಥರ ಮಾತಾಡಿಸುತ್ತಲೇ ಚಿತ್ರಹಿಂಸೆ ಕೊಡುತ್ತಾಳೆ.

ಉತ್ತರ 2:
ನಾನು ಕಾಮಿಕ್ಸ್ ಓದುವವನು, ನನ್ನ ಹೊಟ್ಟೆಯುರಿ ಬೇರೆ. 2008ರಲ್ಲಿ ಇದೇ ಹೆಸರಲ್ಲಿ ಬಂದ ಕಾಮಿಕ್ಸ್‌ನಲ್ಲಿ ಮಜಾ ಇದ್ದದ್ದೇ ಸೂಪರ್‌ಹೀರೋಗಳಲ್ಲಿ ಯಾರು ಅಸಲಿ, ಯಾರು ನಕಲಿ ಅನ್ನೋ ಅನುಮಾನದಲ್ಲಿ. ಸರಣಿಯಲ್ಲಿ ಆ ಹೀರೋಗಳೇ ಇಲ್ಲ. ಉಕ್ಕಿನ ಕವಚ ತೊಡುವ ಸೇನಾಧಿಕಾರಿ ರೋಡಿ ಒಬ್ಬ ಇದ್ದಾನೆ, ಅವನು ನಕಲಿ ಅನ್ನೋ ಗುಟ್ಟನ್ನೂ ಬೇಗ ಬಿಟ್ಟುಕೊಡುತ್ತಾರೆ. ಹೋಗಲಿ, ಸುಮ್ನೆ ಗೂಢಚಾರಿ ಕಥೆಯಾಗಿಯೇ ಮುಗಿಸಬಹುದಿತ್ತು. ಅದೂ ಇಲ್ಲ. ಅವೆಂಜರ್ಸ್ ಅನ್ನೋ ಸೂಪರ್‌ಹೀರೋ ತಂಡದವರ ಡಿಎನ್‌ಎ ಇರುವ ಒಂದು ಸೀಸೆ ಬರುತ್ತದೆ, ಅದರಿಂದ ಎಲ್ಲರ ಶಕ್ತಿಯೂ ಗ್ರಾವಿಕ್‌ಗೆ ಮತ್ತು ಟ್ಯಾಲೋಸ್ ಮಗಳಿಗೆ ಸಿಗುತ್ತದೆ. ಕೊನೇ ಕಂತಿನಲ್ಲಿ ಒಬ್ಬರ ತೋಳು ಹಸಿರು ದೈತ್ಯ ಹಲ್ಕ್ ಥರ ಊದುತ್ತದೆ, ಇನ್ನೊಬ್ಬರದ್ದು ಮರದ ಕೊಂಬೆ ಆಗುತ್ತದೆ. ಐದು ಕಂತು ಪಿಸುಮಾತಿನಲ್ಲಿ ಕಥೆ ಹೇಳಿ ಕೊನೆಗೆ ಗ್ರಾಫಿಕ್ಸ್ ಜಾತ್ರೆ.

ಉತ್ತರ 3:
ನನಗೆ ಸಿಟ್ಟು ಬಂದಿದ್ದು ಮರಿಯಾ ಹಿಲ್ ವಿಷಯಕ್ಕೆ. 2012ರ 'ಅವೆಂಜರ್ಸ್'ನಿಂದ ಫ್ಯೂರಿ ಜೊತೆಗಿದ್ದ ಹೆಣ್ಣು. ಮೊದಲ ಕಂತಿನಲ್ಲೇ ಗ್ರಾವಿಕ್ ಫ್ಯೂರಿಯ ವೇಷದಲ್ಲಿ ಬಂದು ಅವಳಿಗೆ ಗುಂಡು ಹೊಡೆಯುತ್ತಾನೆ. ಆ ಕ್ಷಣ ಭಯಂಕರವಾಗಿದೆ, ಒಪ್ಪುತ್ತೇನೆ. ಆದರೆ ಫ್ಯೂರಿಗೆ ದುಃಖ ತರಿಸೋಕೆ ಅವಳನ್ನು ಬಲಿ ಕೊಟ್ಟ ಹಾಗಿದೆ.

ಉತ್ತರ 4:
ನಾನು ಚಿತ್ರ ಬರೆದು ಹೊಟ್ಟೆ ಹೊರೆಯುವವಳು, ಹಾಗಾಗಿ ಇದನ್ನು ಹೇಳಲೇಬೇಕು. ಶುರುವಿನಲ್ಲಿ ಹೆಸರು ತೋರಿಸುವ ಹಸಿರು ಹಸಿರು ಚಿತ್ರಗಳು ಎಐ ಬಳಸಿ ಮಾಡಿದ್ದು. ನಿರ್ದೇಶಕ ಅಲಿ ಸೆಲಿಮ್ ಅವರೇ ಒಪ್ಪಿಕೊಂಡರು. ರೂಪ ಬದಲಿಸುವವರ ಕಥೆಗೆ ಇದೇ ಸರಿ ಅನ್ನೋದು ಅವರ ವಾದ. ಆಗ ಹಾಲಿವುಡ್ ಬರಹಗಾರರು ಮುಷ್ಕರದಲ್ಲಿದ್ದರು, ಎಐ ಕೂಡ ಅವರ ಜಗಳದ ಒಂದು ಕಾರಣ. ಆ ಹೊತ್ತಿಗೆ ಇದು ಬೇಕಿತ್ತಾ? ಪ್ರತಿ ಕಂತಿಗೂ 'ಸ್ಕಿಪ್' ಒತ್ತಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಿಂದಿನ ಕಥೆ ಗೊತ್ತಿಲ್ಲದೆ ಅಪ್ಪನಿಗೆ ತಲೆಬುಡ ಅರ್ಥ ಆಗುತ್ತಾ?

ಉತ್ತರ 5:
2019ರ 'ಕ್ಯಾಪ್ಟನ್ ಮಾರ್ವೆಲ್' ಒಂದು ತೋರಿಸಿ. ಕಥೆ ನಡೆಯುವುದು 1995ರಲ್ಲಿ. ಫ್ಯೂರಿ ಇನ್ನೂ ಹುಡುಗ, ಎರಡೂ ಕಣ್ಣು ನೆಟ್ಟಗಿದೆ. ಟ್ಯಾಲೋಸ್ ಪರಿಚಯವೂ ಅಲ್ಲೇ ಆಗುತ್ತದೆ. ಮಿಕ್ಕಿದ್ದು ಬೇಡ. ಸರಣಿಯ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷರು ಅನ್ಯಗ್ರಹದವರೆಲ್ಲ ಶತ್ರುಗಳು ಅಂತ ಸಾರುತ್ತಾರೆ, ಜನ ಬಂದೂಕು ಹಿಡಿದು ಬೀದಿಗಿಳಿಯುತ್ತಾರೆ. ಅಷ್ಟು ದೊಡ್ಡ ವಿಷಯ. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಬಂದ 'ದಿ ಮಾರ್ವೆಲ್ಸ್'ನಲ್ಲಿ ಫ್ಯೂರಿ ತಮಾಷೆ ಮಾಡಿಕೊಂಡು ಓಡಾಡುತ್ತಾನೆ!

ನಿಮ್ಮ ತಂದೆಯವರಿಗೆ ಒಂದೇ ಕೂತಲ್ಲಿ ಮುಗಿಯುವ ಗೂಢಚಾರಿ ಕಥೆ ಬೇಕಾದರೆ 2014ರ 'ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್' ವಾಸಿ. ನಮ್ಮವರಲ್ಲೇ ಶತ್ರುಗಳಿದ್ದಾರೆ ಅನ್ನೋ ಭಯ ಅಲ್ಲಿ ಕೊನೆವರೆಗೂ ಸಡಿಲ ಆಗಲ್ಲ.

ಉತ್ತರ 1ರವರು ಮತ್ತೆ:
ಆರನೇ ಕಂತನ್ನು ಪೂರ್ತಿ ಬಿಡಬೇಡಿ ಮಾರಾಯ್ರೇ. ಅದಿರುವುದೇ ನಲವತ್ತು ನಿಮಿಷದೊಳಗೆ. ವಿಕಿರಣಕ್ಕೆ ಸಿಕ್ಕು ಕೆಮ್ಮುತ್ತಾ ಫ್ಯೂರಿ ಗ್ರಾವಿಕ್ ಎದುರು ಕೂತು, ಮಾತು ಉಳಿಸಿಕೊಳ್ಳಲಿಲ್ಲ ಅಂತ ಒಪ್ಪಿಕೊಳ್ಳುವ ಭಾಗ ಇಡೀ ಸರಣಿಯಲ್ಲೇ ಚೆನ್ನಾಗಿದೆ. ಆಮೇಲೆ ನೋಡಿದರೆ ಅಲ್ಲಿ ಕೂತಿರುವುದು ಫ್ಯೂರಿಯೇ ಅಲ್ಲ, ಅವನ ರೂಪದಲ್ಲಿ ಬಂದ ಟ್ಯಾಲೋಸ್ ಮಗಳು! ತಿರುವು ಜೋರಾಗಿದೆ. ಆದರೆ ಸ್ವಲ್ಪ ಯೋಚಿಸಿ. ಮೂವತ್ತು ವರ್ಷ ಕಾಯಿಸಿದ್ದಕ್ಕೆ ಗ್ರಾವಿಕ್ ಎದುರು ಫ್ಯೂರಿ ತನ್ನ ಬಾಯಿಂದ ತಪ್ಪೊಪ್ಪಿಕೊಳ್ಳಲೇ ಇಲ್ಲ. ಬರೆದವರಿಗೆ ಅದು ಹೊಳೆದಿತ್ತೋ ಇಲ್ಲವೋ ಅಂತ ನಾವು ಗೆಳೆಯರು ಈಗಲೂ ಜಗಳ ಆಡುತ್ತೇವೆ. ಅಪ್ಪ ಏನಂತಾರೆ ಕೇಳಿ ಇಲ್ಲಿ ಹಾಕಿ.