ಅಪ್ಪನಿಗೆ ಡಯಾಲಿಸಿಸ್‌ಗೆ ಜಾಗ ಬೇಕು: ಹಾಸನ, ತುಮಕೂರು ಕಡೆಯವರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆಯಿಂದ ಅಪ್ಪನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಆಗಲೇಬೇಕು ಎಂದಿದ್ದಾರೆ ಡಾಕ್ಟರು. ಹತ್ತಿರದ ಸರ್ಕಾರಿ ಕೇಂದ್ರದಲ್ಲಿ ಬಿಪಿಎಲ್ ಕಾರ್ಡ್ ಇದ್ದವರಿಗೆ ಉಚಿತ. ಆದರೆ ಒಂದು ಮೆಷಿನ್ ಕೆಟ್ಟು ನಿಂತಿದೆ, ಹಾಗಾಗಿ ಎರಡೇ ಸಲ ಸಿಗುತ್ತಿದೆ. ಅಲ್ಲಿ ಕೆಲಸ ಮಾಡುವ ಹುಡುಗರದು ತಪ್ಪಿಲ್ಲ, ಪಾಪ. ಕೇಂದ್ರ ನಡೆಸಲು ಗುತ್ತಿಗೆ ಪಡೆದವರು ರಿಪೇರಿ ಮಾಡಿಸುತ್ತಿಲ್ಲ. ಒಂದು ಸಲ ತಪ್ಪಿದರೂ ಅಪ್ಪನ ಕಾಲು ಊದಿಕೊಳ್ಳುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿಯಿಡೀ ಕೂತೇ ಇರುತ್ತಾರೆ. ನೋಡೋಕಾಗಲ್ಲ.

ಖಾಸಗಿಯಲ್ಲಿ ಒಂದು ಸಲಕ್ಕೆ 2000 ರೂಪಾಯಿ ಕೇಳುತ್ತಾರೆ. ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್, ಟೆಸ್ಟು, ಬಾಡಿಗೆ ಕಾರು ಬೇರೆ. ಜೊತೆಗೆ ಹೋಗುವ ಅಮ್ಮನ ಕೂಲಿಯೂ ಹೋಯಿತು. 2016ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಆಸ್ಪತ್ರೆಗಳಿಗೆ ಡಯಾಲಿಸಿಸ್ ಯೋಜನೆ ತಂದಿದ್ದೇ ಬಡವರಿಗೆ ಈ ಹೊರೆ ತಪ್ಪಿಸಲು, ಅಲ್ವಾ?

ಮೂರನೇ ಸಲಕ್ಕೆ ಜಾಗ ಖಾಲಿ ಇರುವ ಕೇಂದ್ರ ಯಾವುದಾದರೂ ಗೊತ್ತಾ? ಆಯುಷ್ಮಾನ್ ಕಾರ್ಡ್‌ನಲ್ಲಿ, ಮೇಲೆ ದುಡ್ಡು ಕೇಳದೆ ಮಾಡುವ ಖಾಸಗಿ ಆಸ್ಪತ್ರೆ ಇದ್ದರೂ ತಿಳಿಸಿ. ಹೊಟ್ಟೆಗೆ ಟ್ಯೂಬ್ ಹಾಕಿ ಮನೆಯಲ್ಲೇ ಮಾಡುವ ಡಯಾಲಿಸಿಸ್ ಇದೆಯಲ್ಲ, ಅದನ್ನು ಮಾಡುತ್ತಿರುವವರು ತಿಂಗಳ ಖರ್ಚು, ಸೋಂಕಿನ ತೊಂದರೆ ಬಗ್ಗೆ ಹೇಳಿದರೆ ತುಂಬಾ ಉಪಕಾರ. ಕಿಡ್ನಿ ಕಸಿಗೆ ರಾಜ್ಯ ಸರ್ಕಾರದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದವರು ಯಾವ ಯಾವ ಕಾಗದ ಬೇಕಾಯಿತು ತಿಳಿಸಿ.

ಅಪ್ಪನ ಕೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸುವ ಆಪರೇಷನ್) ಆಗಿದೆ. ಹೆಪಟೈಟಿಸ್, ಎಚ್‌ಐವಿ ರಿಪೋರ್ಟ್ ನೆಗೆಟಿವ್. ಜಾಗ ಸಿಕ್ಕಿದ ದಿನವೇ ಕರೆದುಕೊಂಡು ಬರುತ್ತೇವೆ, ಬೆಳಗಿನ ಜಾವದ ಪಾಳಿಯಾದರೂ ಸರಿ.