ಪದಚರ್ಚೆ: ‘ಗ್ರಾಂಟರ್’, ‘ಗ್ರಾಂಟೀ’, ‘ಕ್ವಿಟ್‌ಕ್ಲೇಮ್’ – ಪತ್ರ ಬರೆಯುವವರ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೆಂದು ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸ್ವತ್ತಿನ ಪತ್ರಗಳನ್ನು ದಾಖಲಿಸಿಡುವ ಕೌಂಟಿ ರೆಕಾರ್ಡರ್ ಕಚೇರಿಯ ಜಾಲತಾಣದಲ್ಲಿ ಒಂದು ಮನೆಯ ಹಿಂದಿನ ಪತ್ರಗಳನ್ನು ಹುಡುಕುವುದು ಹೇಗೆ ಎಂಬುದೇ ಅದರ ವಿಷಯ. ‘ಕೌಂಟಿ’ಯನ್ನು ಜಿಲ್ಲೆ ಎನ್ನದೆ ಹಾಗೆಯೇ ಬಿಟ್ಟಿದ್ದೇನೆ. ತೊಡಕು ಬಂದದ್ದು ಬೇರೆ ಪದಗಳಲ್ಲಿ.

ನಮ್ಮ ಕಡೆ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸುವಾಗ ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ ಹಿಡಿದು ಹೊರಡುತ್ತೇವೆ. ಇಲ್ಲಿಯ ರೆಕಾರ್ಡರ್ ಸೂಚಿ ಮುಖ್ಯವಾಗಿ ಜನರ ಹೆಸರಿನ ಮೇಲೆ ನಿಂತಿದೆ. ಜಾಗಕ್ಕೆ ಪಾರ್ಸೆಲ್ ನಂಬರು ಕೊಡುವುದು ಅಸೆಸರ್ (ಸ್ವತ್ತಿಗೆ ಬೆಲೆ ಕಟ್ಟುವ ಅಧಿಕಾರಿ), ಅದೂ ತೆರಿಗೆಯ ಲೆಕ್ಕಕ್ಕೆ. ಹಾಗಾಗಿ ಈಗಿನ ಮಾಲೀಕರ ಹೆಸರನ್ನು ‘ಗ್ರಾಂಟೀ’ (ಹಕ್ಕು ಪಡೆದವರು) ಎಂದು ಹುಡುಕಬೇಕು, ಆ ಪತ್ರದ ‘ಗ್ರಾಂಟರ್’ (ಹಕ್ಕು ಕೊಟ್ಟವರು) ಯಾರೆಂದು ನೋಡಬೇಕು, ಮತ್ತೆ ಅವರನ್ನು ‘ಗ್ರಾಂಟೀ’ ಎಂದು ಹುಡುಕಬೇಕು. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ. ಅನೇಕ ಕೌಂಟಿಗಳಲ್ಲಿ ಆನ್‌ಲೈನಿನಲ್ಲಿ ಸಿಗುವುದು ಸೂಚಿ ಮಾತ್ರ. ಪತ್ರದ ನಕಲಿಗೆ ದುಡ್ಡು ಕಟ್ಟಬೇಕು. (ನಮ್ಮ ಇನಿಷಿಯಲ್ಲು, ಅಪ್ಪನ ಹೆಸರು, ಊರಿನ ಹೆಸರು ಯಾವ ಕ್ರಮದಲ್ಲಿ ಸೇರಿಕೊಂಡಿರುತ್ತವೋ ಹೇಳಲಾಗದು. ಕನ್ನಡದ ಹೆಸರುಗಳನ್ನು ಎರಡು ಮೂರು ಬಗೆಯಲ್ಲಿ ಹುಡುಕುವುದು ಒಳ್ಳೆಯದು.)

ಮೊದಲ ಕರಡಿನಲ್ಲಿ ‘ದಾತೃ’, ‘ಗ್ರಹೀತೃ’ ಎಂದು ಬರೆದಿದ್ದೆ. ತಿಪಟೂರಿನಲ್ಲಿ ಬಾಳೆಲ್ಲ ಸ್ವತ್ತಿನ ಪತ್ರ ಬರೆದ ನಮ್ಮ ತಂದೆ ಈಗ ನಮ್ಮಲ್ಲಿಗೆ ಬಂದಿದ್ದಾರೆ. ಓದಿ, “ಇದ್ಯಾಕಮ್ಮ ಹೀಗೆ? ಬರೆದುಕೊಟ್ಟವರು, ಬರೆಸಿಕೊಂಡವರು ಅನ್ನು, ಎಲ್ಲರಿಗೂ ತಿಳಿಯುತ್ತೆ” ಎಂದರು. ನಮ್ಮ ಇ.ಸಿ.ಯಲ್ಲೂ ಇರುವುದು ಅದೇ ಮಾತು. ನನಗೇಕೆ ಹೊಳೆಯಲಿಲ್ಲವೋ!

ಅದು ಬರೀ ಸರಳವಾದ ಪದವಲ್ಲ, ಹೆಚ್ಚು ಸರಿಯಾದ ಪದವೂ ಹೌದು. ಮನೆ ಸಾಲಕ್ಕೆ ಇಲ್ಲಿ ‘ಡೀಡ್ ಆಫ್ ಟ್ರಸ್ಟ್’ ಮಾಡುತ್ತಾರೆ. ಅದರಲ್ಲಿ ಸಾಲ ತೆಗೆದುಕೊಂಡವರೇ ಗ್ರಾಂಟರ್; ಸಾಲ ಕೊಟ್ಟ ಬ್ಯಾಂಕು, ಬ್ಯಾಂಕಿನ ಪರವಾಗಿ ಹಕ್ಕನ್ನು ಹಿಡಿದಿರುವ ಟ್ರಸ್ಟಿ ಎಂಬ ಮೂರನೆಯವನು ಸೂಚಿಯಲ್ಲಿ ಗ್ರಾಂಟೀ ಕಡೆ ಬರುತ್ತಾರೆ. ‘ದಾತೃ’ ಎಂದರೆ ಓದುವವರು ಸಾಲದಾತ ಬ್ಯಾಂಕನ್ನೇ ನೆನೆಯುತ್ತಾರೆ, ಪೂರಾ ತಲೆಕೆಳಗು. ‘ಬರೆದುಕೊಟ್ಟವರು’ ಎಂದರೆ ಗೊಂದಲವೇ ಇಲ್ಲ: ಆಧಾರ ಪತ್ರ ಬರೆದುಕೊಡುವುದು ಸಾಲಗಾರನೇ ತಾನೆ? ಸಾಲ ತೀರಿದ ಮೇಲಿನ ‘ರೀಕನ್ವೇಯನ್ಸ್’ನಲ್ಲಿ ಟ್ರಸ್ಟಿ ಬರೆದುಕೊಟ್ಟವನಾಗುತ್ತಾನೆ, ಮನೆಯವರು ಬರೆಸಿಕೊಂಡವರು. ಈ ಜೋಡಿಯನ್ನೇ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ತಕರಾರಿದ್ದರೆ ತಿಳಿಸಿ.

ಸ್ವತ್ತು ಒಬ್ಬರಿಂದೊಬ್ಬರಿಗೆ ಕೈ ಬದಲಾಗುತ್ತ ಬಂದ ಸಾಲಿಗೆ ಇಲ್ಲಿ ಹೇಳುವ ‘ಚೈನ್ ಆಫ್ ಟೈಟಲ್’ಗೆ ‘ಹಕ್ಕಿನ ಸರಪಳಿ’ ಎನ್ನಲು ಮನಸ್ಸಿಲ್ಲ. ‘ಸ್ವತ್ತು ಬಂದ ಬಗೆ’ ಎಂದರೆ ಸಾಕೆನಿಸುತ್ತದೆ.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ‘ಕ್ವಿಟ್‌ಕ್ಲೇಮ್ ಡೀಡ್’ನಲ್ಲಿ. ಇಲ್ಲಿಯ ಸಾಮಾನ್ಯ ಕ್ರಯಪತ್ರ ‘ಗ್ರಾಂಟ್ ಡೀಡ್’. ಕ್ಯಾಲಿಫೋರ್ನಿಯಾ ಸಿವಿಲ್ ಕೋಡಿನ 1113ನೆಯ ಕಲಮಿನಂತೆ, ಬೇರೆ ರೀತಿ ಬರೆಯದಿದ್ದರೆ, ‘ಗ್ರಾಂಟ್’ ಎಂಬ ಕ್ರಿಯಾಪದದ ಒಳಗೇ ಎರಡು ಭರವಸೆ ಅಡಗಿವೆ: ಇದೇ ಹಕ್ಕನ್ನು ಇದಕ್ಕೆ ಮುಂಚೆ ಇನ್ನೊಬ್ಬರಿಗೆ ಕೊಟ್ಟಿಲ್ಲ, ನನ್ನಿಂದಾದ ಋಣಭಾರ ಇದರ ಮೇಲಿಲ್ಲ. ನಮ್ಮ ಕ್ರಯಪತ್ರದಲ್ಲಿ ‘ಯಾರಿಗೂ ಪರಭಾರೆ ಮಾಡಿರುವುದಿಲ್ಲ’ ಎಂದು ಸಾಲುಸಾಲಾಗಿ ಬರೆಯುವುದನ್ನು ಇಲ್ಲಿ ಒಂದೇ ಪದ ಹೊರುತ್ತದೆ. ಕ್ವಿಟ್‌ಕ್ಲೇಮಿನಲ್ಲಿ ಈ ಭರವಸೆ ಇಲ್ಲ. ‘ನನಗೇನಾದರೂ ಹಕ್ಕಿದ್ದರೆ ಅದು ನಿನ್ನದು’ ಎಂಬಷ್ಟೇ ಅದರ ಮಾತು, ಹಕ್ಕು ಇರಲೇಬೇಕೆಂದಿಲ್ಲ.

‘ಹಕ್ಕು ಬಿಡುಗಡೆ ಪತ್ರ’, ‘ಹಕ್ಕು ಖುಲಾಸೆ ಪತ್ರ’ ಎರಡೂ ಬಳಕೆಯಲ್ಲಿವೆ, ಆದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲಿನಲ್ಲಿ ಇರುವ ಹಕ್ಕನ್ನು ಬಿಟ್ಟುಕೊಡುವಾಗ ಬರೆಯುವಂಥವು. ಓದುವವರು ‘ಹಾಗಾದರೆ ಇವರಿಗೆ ಹಕ್ಕಿತ್ತು’ ಎಂದುಕೊಂಡುಬಿಟ್ಟರೆ, ಮನೆ ಕೊಳ್ಳುವ ಹೊತ್ತಿನಲ್ಲಿ ಅದು ಸಣ್ಣ ತಪ್ಪಾಗದು. ‘ಇದ್ದಷ್ಟು ಹಕ್ಕಿನ ಪತ್ರ’ ಎಂದು ಬರೆದು ನೋಡಿದೆ. ತಂದೆಯವರು ಒಪ್ಪಲೂ ಇಲ್ಲ, ಬೇರೆ ಹೇಳಲೂ ಇಲ್ಲ, ಯೋಚಿಸುತ್ತಿದ್ದಾರೆ.

ಕ್ರಯಪತ್ರಕ್ಕೆ ‘ಖರೀದಿ ಪತ್ರ’ ಎನ್ನುವ ಧಾರವಾಡ, ಬೆಳಗಾವಿ ಕಡೆಯವರು, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ: ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲದವರಿಂದ, ಮುಂದೆ ತಕರಾರು ಬಾರದಿರಲೆಂದು ಬರೆಸಿಕೊಳ್ಳುವ ಕಾಗದಕ್ಕೆ ನಿಮ್ಮೂರಿನ ಪತ್ರ ಬರಹಗಾರರು ಏನೆನ್ನುತ್ತಾರೆ?